ಅರ್ಧವಿರಾಮದ ರಾಜ್ಯ

ಪೊಲೀಸ್ ನಾಯಿಯೊಂದು ನಿವೃತ್ತಿಯಾದರೆ ಏನು ಮಾಡಬೇಕು? ಇಷ್ಟು ವರ್ಷ ಅದರ ಹಗ್ಗ ಹಿಡಿದು ತಿರುಗಿದ, ಹೊತ್ತುಹೊತ್ತಿಗೆ ಅನ್ನ ಹಾಕಿದ ಪೊಲೀಸಪ್ಪನೇ ಮನೆಗೆ ಕರೆದುಕೊಂಡು ಹೋಗಲಿ ಅನ್ನುತ್ತೀರಿ. ಅಷ್ಟು ಸುಲಭವಲ್ಲ ಸ್ವಾಮಿ. ಅಮೆರಿಕದ ಟೆಕ್ಸಸ್ ರಾಜ್ಯ ಈ ಒಂದು ಕೆಲಸಕ್ಕೆ 2019ರ ನವೆಂಬರ್‌ನಲ್ಲಿ ತನ್ನ ಸಂವಿಧಾನವನ್ನೇ ತಿದ್ದಬೇಕಾಯಿತು.

ನಾಯಿ ಸರ್ಕಾರದ ಸ್ವತ್ತು. ಕಾಲು ಮುರಿದ ಕುರ್ಚಿ, ಕೆಟ್ಟು ನಿಂತ ಜೀಪು ಹೇಗೋ ಹಾಗೆ. ಸರ್ಕಾರದ ಸ್ವತ್ತನ್ನು ಖಾಸಗಿಯವರಿಗೆ ಬಿಟ್ಟಿ ಕೊಡಕೂಡದು ಎಂದು ಅಲ್ಲಿನ ಸಂವಿಧಾನದ ಮೂರನೇ ಅಧ್ಯಾಯ ಕಟ್ಟಪ್ಪಣೆ ಮಾಡಿದೆ. ಹರಾಜು ಹಾಕಬಹುದು, ಇನ್ನೊಂದು ಇಲಾಖೆಗೆ ದಾಟಿಸಬಹುದು, ಯಾರಿಗೂ ಬೇಡವಾದರೆ ‘ವಿಲೇವಾರಿ’ಯನ್ನೂ ಮಾಡಬಹುದು. ಸಾಕಿದವನಿಗೆ ಪುಕ್ಕಟೆ ಕೊಡುವಂತಿಲ್ಲ. ಹಾಗಾಗಿ ಮೊದಲು ಎರಡೂ ಸದನಗಳಲ್ಲಿ ಮೂರನೇ ಎರಡರ ಬಹುಮತ, ಆಮೇಲೆ 254 ಕೌಂಟಿಗಳಲ್ಲಿ (ಅಲ್ಲಿನ ಜಿಲ್ಲೆಗಳೆನ್ನಿ) ಮತದಾನ. ಮತಪತ್ರದಲ್ಲಿ ನಾಯಿಯದು 10ನೇ ಪ್ರಸ್ತಾಪ. ನೂರಕ್ಕೆ ಹನ್ನೆರಡು ಮತದಾರರು ಬಂದು, ಅವರಲ್ಲಿ ನೂರಕ್ಕೆ 94 ಮಂದಿ ಆಗಲಿ ಅಂದರು. ಬೇಡವೆಂದ ಆರು ಮಂದಿ ಬಹುಶಃ ಬೆಕ್ಕು ಸಾಕಿದವರು.

ನಮ್ಮ ಕಡೆ ರಾಜ್ಯಕ್ಕೊಂದು ಸಂವಿಧಾನ ಎಂಬುದಿಲ್ಲ. ದೇಶದ ಸಂವಿಧಾನದ 6ನೇ ಭಾಗವೇ ಬೀದರಿನಿಂದ ಚಾಮರಾಜನಗರದವರೆಗಿನ ಆಡಳಿತಕ್ಕೂ ಆಧಾರ. ಪ್ರತ್ಯೇಕ ಸಂವಿಧಾನವಿದ್ದ ಜಮ್ಮು ಕಾಶ್ಮೀರದ ಕಥೆ 2019ರಲ್ಲಿ ಮುಗಿಯಿತು. ಅಮೆರಿಕದಲ್ಲಿ ಮಾತ್ರ 50 ರಾಜ್ಯಗಳಿಗೆ 50 ಸಂವಿಧಾನ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗವನ್ನು ಯಾರು ಎಲ್ಲಿ ಕೂರಿಸಬೇಕೆಂಬುದು ಆಯಾ ರಾಜ್ಯದ ಇಷ್ಟ. ಟೆಕ್ಸಸ್ ಇವುಗಳನ್ನು ಕೂರಿಸಿದ್ದಷ್ಟೇ ಅಲ್ಲ, ಒಬ್ಬರ ಕಾಲಿಗೆ ಇನ್ನೊಬ್ಬರ ಕಾಲು ಕಟ್ಟಿ ಓಟದ ಪಂದ್ಯಕ್ಕೂ ಬಿಟ್ಟಿದೆ.

ಯಾಕೆ ಹೀಗಾಯಿತೆಂದರೆ ಒಂದು ಅರ್ಧವಿರಾಮ ಚಿಹ್ನೆಯ ತನಕ ಹಿಂದೆ ಹೋಗಬೇಕು. 1869ರ ಸಂವಿಧಾನದಲ್ಲಿ ಚುನಾವಣೆಯ ಬಗ್ಗೆ ಒಂದು ವಾಕ್ಯವಿತ್ತು. ಕಾನೂನು ಬೇರೆ ಏರ್ಪಾಡು ಮಾಡುವವರೆಗೆ ಚುನಾವಣೆ ಕೌಂಟಿಯ ಮುಖ್ಯ ಊರಿನಲ್ಲಿ ನಡೆಯತಕ್ಕದ್ದು; ಮತಗಟ್ಟೆ ನಾಲ್ಕು ದಿನ ತೆರೆದಿರತಕ್ಕದ್ದು. ಶಾಸಕಾಂಗ ನಾಲ್ಕು ದಿನವನ್ನು ಒಂದಕ್ಕೆ ಇಳಿಸಿತು. 1873ರ ಡಿಸೆಂಬರ್ ಚುನಾವಣೆಯಲ್ಲಿ ಗವರ್ನರ್ (ನಮ್ಮ ರಾಜ್ಯಪಾಲರಂತೆ ನೇಮಕವಾದವರಲ್ಲ, ಜನರಿಂದ ಗೆದ್ದು ಬರುವವರು) ಎಡ್ಮಂಡ್ ಡೇವಿಸ್ ಎರಡಕ್ಕೆ ಒಂದರ ಲೆಕ್ಕದಲ್ಲಿ ರಿಚರ್ಡ್ ಕೋಕ್ ಎದುರು ಸೋತರು. ಆಗ ಮೂವರು ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್ ಕನ್ನಡಕ ಒರೆಸಿಕೊಂಡು ವಾಕ್ಯವನ್ನು ಮತ್ತೆ ಓದಿತು. ‘ಬೇರೆ ಏರ್ಪಾಡು’ ಮಾಡುವ ಅಧಿಕಾರ ಅರ್ಧವಿರಾಮದ ಈಚೆಗಿರುವ ಊರಿಗೆ ಮಾತ್ರ ಸಲ್ಲುತ್ತದೆ, ಆಚೆಗಿರುವ ನಾಲ್ಕು ದಿನಕ್ಕಲ್ಲ, ಆದ್ದರಿಂದ ಚುನಾವಣೆಯೇ ಅಸಿಂಧು ಅಂದಿತು. ಚುಕ್ಕೆಯ ಕೆಳಗಿನ ಬಾಲದಲ್ಲಿ ಒಂದು ಸರ್ಕಾರ ನೇತಾಡಿತು. ಆ ನ್ಯಾಯಾಲಯಕ್ಕೆ ಇವತ್ತಿಗೂ ‘ಸೆಮಿಕೋಲನ್ ಕೋರ್ಟ್’ ಎಂದೇ ಹೆಸರು.

1874ರ ಜನವರಿಯಲ್ಲಿ ಆಸ್ಟಿನ್ ನಗರದ ಶಾಸನ ಭವನದಲ್ಲಿ ಕೆಳಮಹಡಿಗೆ ಡೇವಿಸರ ಬಂದೂಕುಧಾರಿಗಳು, ಮೇಲ್ಮಹಡಿಗೆ ಕೋಕ್ ಕಡೆಯ ಶಾಸಕರು. ಡೇವಿಸ್ ಸೈನ್ಯ ಕಳಿಸಿ ಎಂದು ಅಧ್ಯಕ್ಷ ಗ್ರಾಂಟ್‌ಗೆ ತಂತಿ ಕೊಟ್ಟರು. ಗ್ರಾಂಟ್ ಒಲ್ಲೆ ಅಂದರು. ಡೇವಿಸ್ ಇಳಿದುಹೋದರು, ಆದರೆ ಗೆದ್ದವರ ಸಿಟ್ಟು ಇಳಿಯಲಿಲ್ಲ. (ಆ ಸಿಟ್ಟಿನ ಒಂದು ಪಾಲು ಡೇವಿಸರ ಪೊಲೀಸ್ ಪಡೆಯಲ್ಲಿ ಕಪ್ಪು ಜನರೂ ಇದ್ದರೆಂಬುದು, ಅದನ್ನು ಮರೆತು ಈ ಕಥೆ ಹೇಳಬಾರದು.) ಇನ್ನೆಂದೂ ಬಲವಾದ ಗವರ್ನರ್ ಹುಟ್ಟಕೂಡದೆಂದು 1875ರಲ್ಲಿ 90 ಮಂದಿ ಸಭೆ ಸೇರಿದರು. ಮಿತವ್ಯಯದ ಭಕ್ತರು. ಚರ್ಚೆ ಬರೆದುಕೊಳ್ಳಲು ಶೀಘ್ರಲಿಪಿಗಾರನನ್ನಿಟ್ಟರೆ ದುಡ್ಡು ದಂಡವೆಂದು ಅವನನ್ನೂ ನೇಮಿಸಲಿಲ್ಲ. ಹಾಗಾಗಿ ಅಲ್ಲಿ ಯಾರು ಏನು ಅಂದರೆಂದು ತಿಳಿಯಲು ಅವತ್ತಿನ ಪತ್ರಿಕೆ ತಿರುವಬೇಕು. ಗವರ್ನರ್ ಸಂಬಳ 5,000 ಡಾಲರಿನಿಂದ 4,000ಕ್ಕೆ, ಅವಧಿ ನಾಲ್ಕು ವರ್ಷದಿಂದ ಎರಡಕ್ಕೆ ಬಂತು. ನೆಗಡಿ ಬಂತೆಂದು ಮೂಗು ಕೊಯ್ದ ಆ ದಾಖಲೆ 1876ರ ಫೆಬ್ರುವರಿಯಲ್ಲಿ ಅಂಗೀಕಾರವಾಯಿತು. ಈಗಲೂ ಜಾರಿಯಲ್ಲಿದೆ.

ಕಾರ್ಯಾಂಗದಿಂದ ಶುರುಮಾಡೋಣ. ಗವರ್ನರ್ ‘ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ’ ಎಂದು ನಾಲ್ಕನೇ ಅಧ್ಯಾಯದ ಮೊದಲ ಕಲಮಿನಲ್ಲೇ ಬರೆದಿದೆ. ಅದೇ ಕಲಮು ಅವರ ಪಕ್ಕದಲ್ಲಿ ಲೆಫ್ಟಿನೆಂಟ್ ಗವರ್ನರ್, ಅಟಾರ್ನಿ ಜನರಲ್, ಲೆಕ್ಕಪತ್ರದ ಕಂಟ್ರೋಲರ್, ಭೂ ಕಚೇರಿಯ ಕಮಿಷನರ್ ಎಲ್ಲರನ್ನೂ ಸಾಲಾಗಿ ಕೂರಿಸಿದೆ. ಎಲ್ಲರೂ ಬೇರೆಬೇರೆಯಾಗಿ ಜನರಿಂದ ಗೆದ್ದು ಬಂದವರು. ಗವರ್ನರ್ ಇವರಲ್ಲಿ ಒಬ್ಬರನ್ನೂ ನೇಮಿಸುವಂತಿಲ್ಲ, ವಜಾ ಮಾಡುವಂತಿಲ್ಲ. ಕೃಷಿ ಕಮಿಷನರ್ ಕೂಡ ಚುನಾಯಿತರೇ. ನಮ್ಮ ಮುಖ್ಯಮಂತ್ರಿಗಳು ಸಂಪುಟದಲ್ಲಿ ಭಿನ್ನಮತ ಎಂದು ಗೋಳಾಡುತ್ತಾರಲ್ಲ, ಅವರನ್ನು ಒಂದು ವಾರ ಆಸ್ಟಿನ್‌ಗೆ ಕಳಿಸಬೇಕು. ಖಜಾಂಚಿ ಎಂಬ ಇನ್ನೊಂದು ಚುನಾಯಿತ ಹುದ್ದೆಯೂ ಇತ್ತು. 1941ರಿಂದ 1977ರವರೆಗೆ ರಾಜ್ಯದ ತಿಜೋರಿಯ ಬೀಗದ ಕೈ ಹಿಡಿದಿದ್ದವರ ಹೆಸರು ಜೆಸ್ಸಿ ಜೇಮ್ಸ್. ಬ್ಯಾಂಕು, ರೈಲು ದೋಚಿ ದಂತಕಥೆಯಾದ ದರೋಡೆಕೋರನ ಹೆಸರೂ ಅದೇ. ಇವರು ಸಂಭಾವಿತರೇ ಇರಬಹುದು. ಆದರೆ ಮತದಾರರು ಮತ್ತೆಮತ್ತೆ ಅದೇ ಹೆಸರಿಗೆ ಮುದ್ರೆ ಒತ್ತಿದ್ದು ನೋಡಿದರೆ, ಊರಿಗೆಲ್ಲ ಗೊತ್ತಿರುವ ಹೆಸರಿಗಿಂತ ದೊಡ್ಡ ಅರ್ಹತೆ ಬೇರೇನಿಲ್ಲ.

ಗವರ್ನರ್ ಉತ್ಸವಮೂರ್ತಿಯಾದರೆ ಗರ್ಭಗುಡಿಯ ಮೂರ್ತಿ ಲೆಫ್ಟಿನೆಂಟ್ ಗವರ್ನರ್. ಹೆಸರು ಕಾರ್ಯಾಂಗದ್ದು, ಕುರ್ಚಿ ಶಾಸಕಾಂಗದ್ದು. ಸೆನೆಟ್ ಅಂದರೆ ಮೇಲ್ಮನೆಯ ಸಭಾಪತಿ ಇವರೇ, ಯಾವ ಸಮಿತಿಗೆ ಯಾರು, ಯಾವ ಮಸೂದೆ ಯಾವ ಸಮಿತಿಗೆ ಎಂದು ಹೇಳುವವರೂ ಇವರೇ. ಸಂಬಳ ಮಾತ್ರ ಸೆನೆಟರಿನಷ್ಟು, ವರ್ಷಕ್ಕೆ 7,200 ಡಾಲರ್, ದಿನಕ್ಕೆ ಇಪ್ಪತ್ತೂ ಇಲ್ಲ. ಆದರೆ ಗವರ್ನರ್ ರಾಜ್ಯದ ಗಡಿ ದಾಟಿದರೆ ಇವರು ಹಂಗಾಮಿ ಗವರ್ನರ್. ಆ ದಿನಗಳಿಗೆ ಗವರ್ನರ್ ಸಂಬಳದ ಲೆಕ್ಕ, ಅಂದರೆ ವರ್ಷಕ್ಕೆ 1,53,750 ಡಾಲರಿನಂತೆ ದಿನಕ್ಕೆ 421. ಇಬ್ಬರೂ ಊರಲ್ಲಿಲ್ಲದಿದ್ದರೆ ಸೆನೆಟಿನ ಹಂಗಾಮಿ ಸಭಾಪತಿ ಗವರ್ನರ್. ಇದಕ್ಕಾಗಿಯೇ ಇಬ್ಬರೂ ಮುಹೂರ್ತ ಇಟ್ಟುಕೊಂಡು ಗಡಿಯಾಚೆ ಹೋಗುತ್ತಾರೆ. ಈಚೆ ‘ಒಂದು ದಿನದ ಗವರ್ನರ್’ ಹಬ್ಬ ನಡೆಯುತ್ತದೆ.

ಇನ್ನು ರೈಲು ಆಯೋಗ. 1891ರಲ್ಲಿ ರೈಲ್ವೆ ಕಂಪನಿಗಳ ಮೂಗುದಾರ ಹಿಡಿಯಲು ಹುಟ್ಟಿದ್ದು. ಆರು ವರ್ಷದ ಅವಧಿಗೆ ಗೆದ್ದ ಮೂವರು ಕಮಿಷನರ್‌ಗಳು. ಅಳಿದುಳಿದ ರೈಲಿನ ಕೆಲಸವೂ 2005ರಲ್ಲಿ ಸಾರಿಗೆ ಇಲಾಖೆಗೆ ಹೋಯಿತು. ಈಗ ಈ ಆಯೋಗ ನೋಡಿಕೊಳ್ಳುವುದು ತೈಲ, ಅನಿಲ, ಪೈಪ್‌ಲೈನ್, ಗಣಿ. ಹೆಸರು ಬದಲಿಸಿ ಎಂದು ಶಾಸಕಾಂಗಕ್ಕೆ ಪ್ರಸ್ತಾಪ ಬಂದಾಗಲೆಲ್ಲ ಅದು ಮಣ್ಣುಪಾಲು. ನಿಮ್ಮ ಹೊಲದಲ್ಲಿ ತೈಲ ಸೋರಿದರೆ ರೈಲಿನವರಿಗೆ ದೂರು ಕೊಡಬೇಕು.

ಇದು ಬರೀ ನಗೆಯ ವಿಷಯವಾಗಿದ್ದರೆ ಚೆನ್ನಾಗಿತ್ತು. 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಅಲ್ಲಿ 45 ಲಕ್ಷ ಮನೆ, ಕಟ್ಟಡಗಳಿಗೆ ಕರೆಂಟು ಹೋಯಿತು. ಆಸ್ಟಿನ್, ಡಲ್ಲಾಸ್‌ಗಳಲ್ಲಿ ನೆಲೆಸಿದ ನಮ್ಮ ಸಾಫ್ಟ್‌ವೇರ್ ಕನ್ನಡಿಗರಿಗೂ ಆ ದಿನಗಳು ಚೆನ್ನಾಗಿ ನೆನಪಿವೆ. ಸರ್ಕಾರದ ಲೆಕ್ಕದಲ್ಲೇ ಸತ್ತವರು 246. ವಿದ್ಯುತ್ ಸ್ಥಾವರಕ್ಕೆ ಅನಿಲ ಬೇಕು, ಅನಿಲ ತಳ್ಳುವ ಯಂತ್ರಕ್ಕೆ ವಿದ್ಯುತ್ ಬೇಕು. ‘ನಮ್ಮದು ಅಗತ್ಯ ಸೇವೆ, ಕರೆಂಟು ತೆಗೆಯಬೇಡಿ’ ಎಂದು ಎರಡು ಪುಟದ ಅರ್ಜಿ ತುಂಬಬೇಕಿತ್ತು. ಅನೇಕ ಅನಿಲ ಕಂಪನಿಗಳು ತುಂಬಿರಲಿಲ್ಲ. ಲೋಡ್ ಶೆಡ್ಡಿಂಗ್ ಮಾಡುವವರು ಕರೆಂಟು ತೆಗೆದರು, ಅನಿಲ ನಿಂತಿತು, ಅನಿಲ ನಿಂತದ್ದಕ್ಕೆ ಇನ್ನಷ್ಟು ಕರೆಂಟು ನಿಂತಿತು. ವಿದ್ಯುತ್ತು ಒಂದು ಆಯೋಗದ ಕೈಯಲ್ಲಿ, ಅನಿಲ ರೈಲಿನವರ ಕೈಯಲ್ಲಿ. ವಿದ್ಯುತ್ ಆಯೋಗದ ಮೂವರೂ ಗವರ್ನರ್ ನೇಮಿಸಿದವರು, ಒಬ್ಬರ ಹಿಂದೊಬ್ಬರು ರಾಜೀನಾಮೆ ಕೊಟ್ಟರು. ರೈಲಿನ ಮೂವರು ಚುನಾಯಿತರು, ಜಾಗ ಬಿಟ್ಟು ಕದಲಲಿಲ್ಲ. ಎಮ್ಮೆಗೆ ಜ್ವರ, ಎತ್ತಿಗೆ ಬರೆ.

ಶಾಸಕಾಂಗದ್ದು ಬೇರೆಯೇ ವೈಭವ. 31 ಸೆನೆಟರು, 150 ಪ್ರತಿನಿಧಿಗಳು ಸೇರುವುದು ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷದ ಜನವರಿಯಿಂದ 140 ದಿನ. 140 ವರ್ಷಕ್ಕೊಮ್ಮೆ ಎರಡು ದಿನ ಎಂದು ಬರೆಯಲು ಹೋಗಿ ಅದಲುಬದಲಾಯಿತೆಂದು ಅಲ್ಲಿನವರೇ ನಗುತ್ತಾರೆ. ಮೊದಲ 60 ದಿನ, ಗವರ್ನರ್ ತುರ್ತು ಎಂದು ಹೇಳದ ಹೊರತು, ಮಸೂದೆಯನ್ನು ಸದನದಲ್ಲಿ ಮತಕ್ಕೆ ಹಾಕುವ ಮಾತಿಲ್ಲ. ಹಾಗಾಗಿ ಎಲ್ಲವೂ ಮೇ ತಿಂಗಳ ಕೊನೆಗೆ, ಪರೀಕ್ಷೆಯ ಹಿಂದಿನ ರಾತ್ರಿ ಓದುವ ಹುಡುಗರಂತೆ, ಒಟ್ಟಿಗೆ ನುಗ್ಗುತ್ತವೆ. ಅಧಿವೇಶನ ಮುಗಿದ ಮೇಲೆ ಗವರ್ನರ್‌ಗೆ ಇನ್ನೂ 20 ದಿನ ಕಾಲಾವಕಾಶ. ಅವರು ನಿಧಾನಕ್ಕೆ ವೀಟೊ ಹಾಕುತ್ತಾರೆ. ಅದನ್ನು ತಳ್ಳಿಹಾಕಬೇಕಾದ ಸದನ ಮನೆಗೆ ಹೋಗಿಯಾಗಿದೆ. ಕೊನೆಯ ಸಲ ವೀಟೊ ಬಿದ್ದುಹೋದದ್ದು 1979ರಲ್ಲಿ. ಗವರ್ನರ್ ಕೈಕಾಲು ಕಟ್ಟಿದ ಮಹನೀಯರು ಈ ಕಿಟಕಿಗೆ ಚಿಲಕ ಹಾಕುವುದನ್ನು ಮರೆತಿದ್ದರು.

ಶಾಸಕರ ಸಂಬಳ ತಿಂಗಳಿಗೆ 600 ಡಾಲರ್. 1975ರಿಂದ ಅಷ್ಟೇ. ನಮ್ಮ ಲೆಕ್ಕದಲ್ಲಿ ಸುಮಾರು 50 ಸಾವಿರ ರೂಪಾಯಿ. ಹೆಚ್ಚಿಸಬೇಕಾದರೆ ಜನರನ್ನು ಕೇಳಬೇಕು, ಜನ ಕೊಡುವುದಿಲ್ಲ. 2025ರ ಮಾರ್ಚ್‌ನಲ್ಲಿ ಗದ್ದಲದ ನಡುವೆಯೇ ಮೂಲ ವೇತನ 40 ಸಾವಿರದಿಂದ 80 ಸಾವಿರಕ್ಕೆ ಏರಿಸಿಕೊಂಡ ನಮ್ಮ ವಿಧಾನಸೌಧದವರಿಗೆ ಇದು ಕೇಳಿದರೇ ಎದೆ ಝಲ್ಲೆನ್ನಬಹುದು. ಮರುಕಪಡಬೇಡಿ. ನಿವೃತ್ತಿ ವೇತನವನ್ನು ಅವರು ದಶಕಗಳಿಂದ ಲೆಕ್ಕ ಹಾಕಿಕೊಂಡದ್ದು 600 ಡಾಲರಿನ ಮೇಲಲ್ಲ, ಜಿಲ್ಲಾ ನ್ಯಾಯಾಧೀಶರ ಸಂಬಳದ ಮೇಲೆ.

ಕೋರಂಗೆ ಮೂರನೇ ಎರಡು ಭಾಗ ಇರಲೇಬೇಕು: 150ರಲ್ಲಿ 100, 31ರಲ್ಲಿ 21. ಅಂದರೆ ಸಂಖ್ಯೆ ಕಡಿಮೆಯಿರುವ ಪಕ್ಷ ಎದ್ದು ಓಡಿಹೋದರೆ ಸದನ ಬಂದ್. ಓಡಿದವರನ್ನು ಹಿಡಿದು ತರಲು ಪೊಲೀಸರಿದ್ದಾರೆ, ಆದರೆ ಅವರ ಅಧಿಕಾರ ಗಡಿಯವರೆಗೆ. ಹಾಗಾಗಿ 2003ರಲ್ಲಿ ಪ್ರತಿನಿಧಿಗಳು ಒಕ್ಲಹೋಮಾದ ಆರ್ಡ್‌ಮೋರ್‌ನ ಹೋಟೆಲಿಗೆ, 2021ರಲ್ಲಿ ವಾಷಿಂಗ್ಟನ್‌ಗೆ, 2025ರಲ್ಲಿ ಇಲಿನಾಯ್‌ಗೆ. 2019ರಲ್ಲಿ ಮುಂಬೈ ಹೋಟೆಲಿನಲ್ಲಿ ಬೀಡುಬಿಟ್ಟ ನಮ್ಮ ಶಾಸಕರನ್ನು ಕಂಡವರಿಗೆ ಇದು ಹೊಸದಲ್ಲ. ಮುದ್ದಾದದ್ದು 1979ರ ಪ್ರಸಂಗ. ಹನ್ನೆರಡು ಸೆನೆಟರುಗಳು ನಾಪತ್ತೆ. ಟೆಕ್ಸಸ್ ರೇಂಜರ್‌ಗಳು ಒಬ್ಬರನ್ನು ಪತ್ತೆಹಚ್ಚಿ ಹೆಲಿಕಾಪ್ಟರಿನಲ್ಲಿ ಆಸ್ಟಿನ್‌ಗೆ ಹಾರಿಸಿ ತಂದರು. ಇಳಿಸಿ ನೋಡಿದರೆ ಸೆನೆಟರ್ ಅಲ್ಲ, ಅವರ ಸೋದರ. ಉಳಿದವರಲ್ಲಿ ಹೆಚ್ಚಿನವರು ಅದೇ ಆಸ್ಟಿನ್‌ನಲ್ಲಿ, ಒಂದು ಗ್ಯಾರೇಜಿನ ಮನೆಯಲ್ಲಿ ಒತ್ತೊತ್ತಾಗಿ ಮಲಗಿದ್ದರು. ಈಗ ಪ್ರತಿನಿಧಿಗಳ ಸದನ ಓಡಿಹೋದವರಿಗೆ ದಿನಕ್ಕೆ 500 ಡಾಲರ್ ದಂಡ ಇಟ್ಟಿದೆ. ಎರಡು ದಿನ ತಪ್ಪಿಸಿಕೊಂಡರೆ ತಿಂಗಳ ಸಂಬಳ ಸಾಲದು.

2021ರಲ್ಲಿ ಗವರ್ನರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಜೆಟ್ಟಿನಲ್ಲಿ ಶಾಸಕಾಂಗಕ್ಕಿಟ್ಟಿದ್ದ ಹಣಕ್ಕೇ ವೀಟೊ ಹಾಕಿದರು. ಒಂದು ಅಂಗ ಇನ್ನೊಂದು ಅಂಗದ ಒಲೆ ಆರಿಸಿದ್ದು. ಓಡಿಹೋದ ಶಾಸಕರ 600 ಡಾಲರ್ ಸಂವಿಧಾನದಲ್ಲೇ ಇದೆ, ಅದನ್ನು ಮುಟ್ಟಲಾಗದು. ಹೊಡೆತ ಬೀಳುವಂತಿದ್ದದ್ದು ಎಲ್ಲೂ ಓಡದೆ ಕಚೇರಿಯಲ್ಲಿ ಕೂತಿದ್ದ ಗುಮಾಸ್ತರಿಗೆ. ಕೊನೆಗೆ ವಿಶೇಷ ಅಧಿವೇಶನ ಕರೆದು ಹಣ ವಾಪಸ್ ಕೊಟ್ಟರು.

ಗಂಡಹೆಂಡಿರ ಪುರಾಣಕ್ಕೂ ಕೊರತೆಯಿಲ್ಲ. 1917ರಲ್ಲಿ ಗವರ್ನರ್ ಜೇಮ್ಸ್ ಫರ್ಗ್ಯುಸನ್ ವಿಶ್ವವಿದ್ಯಾಲಯದ ಅನುದಾನಕ್ಕೆ ಕತ್ತರಿ ಹಾಕಿ, ವಾಗ್ದಂಡನೆಗೊಳಗಾಗಿ ಪದವಿ ಕಳೆದುಕೊಂಡರು. 1924ರಲ್ಲಿ ಪತ್ನಿ ಮಿರಿಯಂ ಗವರ್ನರ್ ಆಗಿ ಗೆದ್ದರು. ರಾಬ್ಡಿ ದೇವಿಯವರಿಗಿಂತ 73 ವರ್ಷ ಮೊದಲು. 2023ರಲ್ಲಿ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಮೇಲಿನ ವಾಗ್ದಂಡನೆ ಸೆನೆಟಿಗೆ ಬಂದಾಗ ಪತ್ನಿ ಏಂಜೆಲಾ ಸ್ವತಃ ಸೆನೆಟರ್. ವಿಚಾರಣೆಗೆ ಅವರು ಹಾಜರಿರಲೇಬೇಕು, ಆದರೆ ಮತ ಹಾಕುವಂತಿಲ್ಲ. ಬೇಕಾದ 21 ಮತ ಲೆಕ್ಕ ಹಾಕುವಾಗ ಮಾತ್ರ ಅವರ ತಲೆಯೂ 31ರಲ್ಲಿ ಒಂದು. ಪ್ಯಾಕ್ಸ್‌ಟನ್ ಖುಲಾಸೆಯಾದರು.

ನ್ಯಾಯಾಂಗಕ್ಕೆ ಬಂದರೆ ಸುಪ್ರೀಂ ಕೋರ್ಟೇ ಎರಡು. ಸಿವಿಲ್‌ಗೆ ಸುಪ್ರೀಂ ಕೋರ್ಟ್, ಕ್ರಿಮಿನಲ್‌ಗೆ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ. ತಲಾ ಒಂಬತ್ತು ಮಂದಿ, ಎಲ್ಲರೂ ಪಕ್ಷದ ಟಿಕೆಟ್ಟಿನಲ್ಲಿ ಗೆದ್ದವರು. ಹೂಸ್ಟನ್ನಿನಲ್ಲಿ 1ನೇ ಮತ್ತು 14ನೇ ಮೇಲ್ಮನವಿ ನ್ಯಾಯಾಲಯಗಳಿಗೆ ಒಂದೇ ಕಟ್ಟಡ, ಅವೇ ಹತ್ತು ಕೌಂಟಿ. ನಿಮ್ಮ ಕೇಸು ಎಲ್ಲಿಗೆ ಹೋಗುತ್ತದೆಂಬುದು ಚೀಟಿ ಎತ್ತಿದಂತೆ. ಎರಡೂ ಒಂದೇ ಕಾನೂನಿಗೆ ಬೇರೆಬೇರೆ ಅರ್ಥ ಹೇಳಿದರೆ ಕೆಳಗಿನ ನ್ಯಾಯಾಧೀಶ ಯಾರ ಮಾತು ಕೇಳಬೇಕು? ದೇವರಿಗೇ ಗೊತ್ತು. ‘ಕಮಿಷನರ್ಸ್ ಕೋರ್ಟ್’ ಅಂತಲೂ ಒಂದಿದೆ, ಅದು ಕೋರ್ಟಲ್ಲ, ನಮ್ಮ ಜಿಲ್ಲಾ ಪಂಚಾಯಿತಿಯಂಥದ್ದು. ಅದರ ಮುಖ್ಯಸ್ಥರು ‘ಕೌಂಟಿ ಜಡ್ಜ್’, ಅವರು ವಕೀಲರಾಗಿರಬೇಕಿಲ್ಲ, ರಾಜ್ಯದ ಕಾನೂನು ‘ಚೆನ್ನಾಗಿ ತಿಳಿದವರಾಗಿದ್ದರೆ’ ಸಾಕು. 2020ರ ಜನಗಣತಿಯಲ್ಲಿ 64 ಜನರಿದ್ದ ಲವಿಂಗ್ ಕೌಂಟಿಗೂ ಒಬ್ಬ ಜಡ್ಜ್, ಒಬ್ಬ ಶೆರಿಫ್ ಬೇಕೇ ಬೇಕು. 1976ರಲ್ಲಿ ಡಾನ್ ಯಾರ್ಬ್ರೊ ಎಂಬವರು ಸುಪ್ರೀಂ ಕೋರ್ಟಿಗೆ ಆರಿಸಿಬಂದರು. ಯಾರ್ಬರೊ ಎಂಬ ಹೆಸರಾಂತ ರಾಜಕಾರಣಿಯೇ ಇವರೆಂದು ಜನ ಭಾವಿಸಿದ್ದರು. ಮರುವರ್ಷವೇ ಆರೋಪಗಳ ನಡುವೆ ರಾಜೀನಾಮೆ.

ಇಷ್ಟೆಲ್ಲ ಗೊತ್ತಿದ್ದೂ ಸರಿಮಾಡಲಿಲ್ಲವೇ ಎಂದರೆ, ಹೊರಟಿದ್ದರು. 1974ರಲ್ಲಿ 181 ಶಾಸಕರೇ ಸಂವಿಧಾನ ಸಭೆಯಾಗಿ ಏಳು ತಿಂಗಳು ಕೂತರು. ಬೇಕಿದ್ದದ್ದು 121 ಮತ, ಬಿದ್ದದ್ದು 118. ಮರುವರ್ಷ ಅದನ್ನೇ ಎಂಟು ತುಂಡು ಮಾಡಿ ಜನರ ಮುಂದಿಟ್ಟರು. ಜನ ಎಂಟನ್ನೂ ತಿರಸ್ಕರಿಸಿದರು. ಆದ್ದರಿಂದ ತಿದ್ದುಪಡಿಯ ತೇಪೆ ಮುಂದುವರಿದಿದೆ, ಈಗ 500 ದಾಟಿದೆ. ಚರ್ಮ ಮತ್ತು ಜಾನುವಾರು ಪರೀಕ್ಷಕ ಎಂಬ ಹುದ್ದೆಯ ಹೆಸರು ಅಳಿಸಲು 2007ರಲ್ಲಿ ರಾಜ್ಯವಿಡೀ ಮತದಾನ. 2023ರಲ್ಲಿ ಗಾಲ್ವೆಸ್ಟನ್ ಕೌಂಟಿಯ ಖಜಾಂಚಿ ಹುದ್ದೆ ರದ್ದತಿಗೆ ಮತ್ತೊಂದು. ಆ ಖಜಾಂಚಿ ಚುನಾವಣೆಗೆ ನಿಂತಾಗಲೇ ‘ನನ್ನನ್ನು ಗೆಲ್ಲಿಸಿ, ಈ ದಂಡದ ಹುದ್ದೆಯನ್ನೇ ತೆಗೆಸುತ್ತೇನೆ’ ಎಂಬ ಭರವಸೆ ಕೊಟ್ಟಿದ್ದರು. ಗೆದ್ದರು. ತೆಗೆಸಬೇಕಾದರೆ ಎರಡೂ ಸದನದ ಮೂರನೇ ಎರಡು, ಗಾಲ್ವೆಸ್ಟನ್ನಿನ ಒಪ್ಪಿಗೆ, ಜೊತೆಗೆ ಆ ಕೌಂಟಿಯನ್ನು ಕಣ್ಣಲ್ಲೂ ಕಾಣದ ಎಲ್ ಪಾಸೊದವರ ಒಪ್ಪಿಗೆ. ಎಲ್ಲವೂ ಸಿಕ್ಕಿತು. ಖಜಾಂಚಿ ನುಡಿದಂತೆ ನಡೆದು ಕೆಲಸ ಕಳೆದುಕೊಂಡರು.