ಎಲುಬಿನ ಗಟ್ಟಿತನ ನೋಡಲು ಊರಿನ ಶಿಬಿರದಲ್ಲಿ ಹಿಮ್ಮಡಿ ಪರೀಕ್ಷೆ ಬೇಕೇ?

ಪರ

ಆಳಂದ ತಾಲ್ಲೂಕಿನ ನಮ್ಮೂರಲ್ಲಿ ದೊಡ್ಡವ್ವ ಬಚ್ಚಲಲ್ಲಿ ಜಾರಿ ಕೈ ಊರಿದಳು. ಮಣಿಕಟ್ಟು ಮುರಿಯಿತು. ವಯಸ್ಸು 63. ಎಲುಬು ಟೊಳ್ಳಾಗಿದೆ ಅಂತ ಅವಳಿಗೆ ಒಂದು ಸುಳಿವೂ ಇರಲಿಲ್ಲ. ಈ ಕಾಯಿಲೆ (ಆಸ್ಟಿಯೋಪೊರೋಸಿಸ್) ಎಲುಬು ಮುರಿಯುವ ತನಕ ಸಾಮಾನ್ಯವಾಗಿ ನೋಯುವುದೇ ಇಲ್ಲ.

ಎಕ್ಸ್-ರೇಯಿಂದ ಸೊಂಟ, ಬೆನ್ನಿನ ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯೇ ಹೆಚ್ಚು ನಂಬಿಕೆಯದು, ಒಪ್ಪೋಣ. ಆದರೆ ಆ ಮೆಷಿನ್ ಹಳ್ಳಿಗೆ ಬರುವುದಿಲ್ಲ. ತೊಗರಿ ರಾಶಿ ಬಿಟ್ಟು, ದಿನದ ಕೂಲಿ ಬಿಟ್ಟು, ನೋವೇ ಇಲ್ಲದಾಗ ಕಲಬುರಗಿ ಬಸ್ಸು ಯಾರು ಹತ್ತುತ್ತಾರೆ?

ಹಿಮ್ಮಡಿಯ ಅಲ್ಟ್ರಾಸೌಂಡ್ ಯಂತ್ರ ಜೀಪಿನಲ್ಲೇ ಬರುತ್ತದೆ. ಗುಡಿ ಕಟ್ಟೆಯ ಹತ್ತಿರ ಕುರ್ಚಿ ಹಾಕಿ, ಹಿಮ್ಮಡಿಗೆ ತಣ್ಣನೆ ಜೆಲ್ ಸವರಿ ಕಾಲಿಟ್ಟರೆ ಕೆಲವೇ ನಿಮಿಷ. ಎಕ್ಸ್-ರೇ ಇಲ್ಲ. ಶಬ್ದದ ಅಲೆ ಎಲುಬಿನೊಳಗೆ ಎಷ್ಟು ಬೇಗ ದಾಟಿತು, ಎಷ್ಟು ಕುಗ್ಗಿತು ಅಂತ ಅದು ನೋಡುತ್ತದೆ. ಇದರಲ್ಲಿ ಕಡಿಮೆ ಬಂದ ವಯಸ್ಸಾದ ಹೆಂಗಸರಿಗೆ ಸೊಂಟ ಮುರಿಯುವ ಅಪಾಯ ಜಾಸ್ತಿ ಅನ್ನುವುದು ಅಧ್ಯಯನಗಳಲ್ಲಿ ಕಂಡಿದೆ. ಅಂಥವರನ್ನು ಹುಡುಕಿ ಡೆಕ್ಸಾಕ್ಕೆ ಕಳಿಸಿದರೂ ಸಾಕಲ್ವಾ?

ವಿರೋಧ

ಕಳಿಸಿದರೆ ತಾನೇ! ನಮ್ಮೂರ ಶಿಬಿರದಲ್ಲಿ ಪಕ್ಕದ ಮನೆಯ ಆಯಿಗೆ ‘−2.6’ ಅಂತ ಚೀಟಿ ಕೊಟ್ಟರು (ಆರೋಗ್ಯವಂತ ಯುವತಿಯರ ಎಲುಬಿಗೆ ಹೋಲಿಸಿ ಕೊಡುವ ಅಂಕಿ ಅದು; ಸೊನ್ನೆಗಿಂತ ಕೆಳಗಿಳಿದಷ್ಟೂ ಎಲುಬು ಸೊರಗಿದೆ ಅಂತ), ಜೊತೆಗೆ ಕ್ಯಾಲ್ಸಿಯಂ ಗುಳಿಗೆ. ಅಷ್ಟೇ. ಮುಂದೆ ಎಲ್ಲಿಗೆ ಹೋಗಬೇಕು ಅಂತ ಯಾರೂ ಹೇಳಲಿಲ್ಲ.

−2.5 ಮತ್ತು ಅದಕ್ಕಿಂತ ಕೆಳಗೆ ಅಂದರೆ ರೋಗ ಅನ್ನುವ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಎಳೆಯಿತು. ಅದು ಡೆಕ್ಸಾದಂಥ ಅಳತೆಗೆ. ಹಿಮ್ಮಡಿ ಅಲ್ಟ್ರಾಸೌಂಡಿಗೆ ಅದೇ ಗೆರೆ ಹೊಂದುವುದಿಲ್ಲ. ಒಂದು ಕಂಪನಿಯ ಯಂತ್ರದ ಅಂಕಿಗೂ ಇನ್ನೊಂದರ ಅಂಕಿಗೂ ತಾಳೆಯಾಗದು. ‘ಸರಿ ಇದೆ’ ಅಂತ ಬಂದ ಚೀಟಿಯ ಬಗ್ಗೆ ನನಗೆ ಇನ್ನೂ ಹೆದರಿಕೆ. ಅದನ್ನು ನಂಬಿದವರು ಮತ್ತೆ ಡಾಕ್ಟರ ಹತ್ತಿರ ಹೋಗುವುದೇ ಇಲ್ಲ.

ನಮ್ಮ ಭಾಗಕ್ಕೆ ಇನ್ನೊಂದು ತೊಡಕಿದೆ. ಕಲಬುರಗಿ, ಯಾದಗಿರಿಯ ಕೆಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಗಟ್ಟಲೆ ಅದನ್ನು ಕುಡಿದ ಎಲುಬು ಡೆಕ್ಸಾದಲ್ಲೂ ಗಟ್ಟಿಯಾಗಿ ಕಾಣಬಹುದು, ಆದರೆ ಒಳಗೆ ಪೆಡಸಾಗಿ ಸುಲಭಕ್ಕೆ ಮುರಿಯುವಂತಿರುತ್ತದೆ. ಬರೀ ಅಂಕಿ ನೋಡಿದರೆ ಮೋಸ ಹೋಗುತ್ತೇವೆ.

ಶಿಬಿರದ ದುಡ್ಡಿನಲ್ಲಿ ಆಶಾ ಕಾರ್ಯಕರ್ತೆಯರ ಕೈಗೆ ಒಂದು ಪ್ರಶ್ನೆಪಟ್ಟಿ ಕೊಡಿ. ವಯಸ್ಸೆಷ್ಟು, ತೂಕವೆಷ್ಟು, ತಾಯಿ-ತಂದೆಗೆ ಸೊಂಟ ಮುರಿದಿತ್ತಾ, ಸ್ಟೆರಾಯ್ಡ್ ಗುಳಿಗೆ ನುಂಗುತ್ತೀರಾ. ಶೆಫೀಲ್ಡ್ ವಿಶ್ವವಿದ್ಯಾಲಯದಿಂದ 2008ರಲ್ಲಿ ಬಂದ ಫ್ರಾಕ್ಸ್ ಲೆಕ್ಕ ಕೇಳುವುದೂ ಇಂಥವನ್ನೇ. ಎಲುಬಿನ ಅಳತೆ ಇಲ್ಲದೆಯೂ ಮುಂದಿನ 10 ವರ್ಷದಲ್ಲಿ ಎಲುಬು ಮುರಿಯುವ ಅಪಾಯ ಎಷ್ಟು ಅಂತ ಅದು ಹೇಳುತ್ತದೆ. ಅಪಾಯ ಇದ್ದವರನ್ನು ಗಾಡಿ ಮಾಡಿ ಡೆಕ್ಸಾಕ್ಕೆ ಕರೆದೊಯ್ಯಿರಿ.

ಸುಮ್ನೆ ಜಾರಿ ಬಿದ್ದಿದ್ದಕ್ಕೆ ಕೈ ಮುರಿದವರಿಗಂತೂ ಪ್ರಶ್ನೆಪಟ್ಟಿಯೂ ಬೇಡ, ನೇರ ಡೆಕ್ಸಾಕ್ಕೆ ಕಳಿಸಿ. ನಮ್ಮ ದೊಡ್ಡವ್ವನ ಕೈಗೆ ಆಸ್ಪತ್ರೆಯವರು ಪ್ಲಾಸ್ಟರ್ ಹಾಕಿದರು, ಆರು ವಾರ ಬಿಟ್ಟು ಬಿಚ್ಚಿದರು. ಎಲುಬು ಯಾಕೆ ಅಷ್ಟು ಸುಲಭಕ್ಕೆ ಮುರಿಯಿತು ಅಂತ ಒಬ್ಬರೂ ಕೇಳಲಿಲ್ಲ.