ಡಾಕ್ಟರ ಗಾಡಿ, ಬರೀ ಮೂವತ್ತೆಂಟು ಸಾವಿರ

ಬಳ್ಳಾರಿಯ ಆಟೋ ಕನ್ಸಲ್ಟಿಂಗ್ ಅಂಗಡಿಗಳ ಮುಂದೆ ಸಾಲಾಗಿ ನಿಂತಿರುವ ಹಳೆಯ ಕಾರುಗಳ ಮೀಟರುಗಳನ್ನು ಒಂದೊಂದಾಗಿ ಓದುತ್ತ ಹೋದವರಿಗೆ, ಈ ಊರಿನ ಜನ ಕಾರು ಕೊಳ್ಳುವುದು ಓಡಿಸುವುದಕ್ಕಲ್ಲ, ಮನೆಯ ಮುಂದೆ ನಿಲ್ಲಿಸಿಕೊಂಡು ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಕುಂಬಳಕಾಯಿ ಒಡೆಯುವುದಕ್ಕೆ ಎಂಬ ವಿಷಯ ಖಚಿತವಾಗುತ್ತದೆ. ಹತ್ತು ವರ್ಷ ತುಂಬಿದ ಡೀಸೆಲ್ ಕಾರು 38,000 ಕಿಲೋಮೀಟರು ತೋರಿಸುತ್ತಿರುತ್ತದೆ. ವರ್ಷಕ್ಕೆ 3,800 ಎಂದರೆ ದಿನಕ್ಕೆ ಹತ್ತು ಕಿಲೋಮೀಟರಿಗಿಂತ ಕೊಂಚ ಹೆಚ್ಚು. ಓಡಾಟ ಬಹಳ ಇರುವವರು ಮಾತ್ರ ಆರಿಸಿಕೊಳ್ಳುವ ಡೀಸೆಲ್ ಗಾಡಿಗೆ ಪೆಟ್ರೋಲ್ ಗಾಡಿಗಿಂತ ಹೆಚ್ಚಿನ ದುಡ್ಡು ಸುರಿದ ಆ ಪುಣ್ಯಾತ್ಮರು, ಹತ್ತು ವರ್ಷವೂ ಗಾಂಧಿನಗರದಿಂದ ಮೋತಿ ವೃತ್ತಕ್ಕೆ ಹೋಗಿ ಮರಳಿ ಬಂದು ತೃಪ್ತರಾಗಿದ್ದರು ಎಂದು ನಾವು ನಂಬಬೇಕು. ಬಳ್ಳಾರಿಯಿಂದ ಹೊಸಪೇಟೆಗೆ ಸುಮಾರು 60 ಕಿಲೋಮೀಟರು. ಅಲ್ಲಿನ ಕಚೇರಿಗೆ ವರ್ಷದಲ್ಲಿ 300 ದಿನ ಹೋಗಿಬರುವ ನೌಕರರ ಗಾಡಿ ಒಂದೇ ವರ್ಷಕ್ಕೆ 36,000 ಓಡುತ್ತದೆ. ನಮ್ಮ ಹತ್ತು ವರ್ಷದ ಕಾರು ಜೀವಮಾನವಿಡೀ ದುಡಿದದ್ದನ್ನು ಅವರದು ಹದಿಮೂರನೆಯ ತಿಂಗಳು ಮುಗಿಯುವ ಮೊದಲೇ ದುಡಿದಿರುತ್ತದೆ.

ಮೀಟರು ಒಪ್ಪಿಕೊಂಡ ಈ ಕಥೆಯನ್ನು ಗಾಡಿಯ ಉಳಿದ ಅಂಗಗಳಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ ಎಂಬುದೊಂದೇ ತೊಡಕು. ಕ್ಲಚ್ ಪೆಡಲಿನ ರಬ್ಬರು ಗೆರೆಗಳೆಲ್ಲ ಅಳಿದು ನುಣುಪಾಗಿರುತ್ತದೆ, ಸ್ಟಿಯರಿಂಗ್ ಕೈಬೆವರು ಕುಡಿದು ಮಿರುಗುತ್ತಿರುತ್ತದೆ, ಚಾಲಕನ ಸೀಟು ಹತ್ತಿ ಇಳಿಯುವ ಕಡೆಗೆ ಕುಸಿದಿರುತ್ತದೆ. ಹಿಂದಿನ ಗಾಜಿನ ಮೇಲೆ ತಿರುಪತಿ, ಶ್ರೀಶೈಲ, ಮಂತ್ರಾಲಯ, ಶಬರಿಮಲೆಯ ಸ್ಟಿಕ್ಕರುಗಳು ಒಂದರ ಮೇಲೊಂದು ಅಂಟಿಕೊಂಡಿರುತ್ತವೆ. ದೇವರುಗಳೇ ಗಾಂಧಿನಗರಕ್ಕೆ ಬಂದು ಅಂಟಿಸಿ ಹೋದರೋ ಏನೋ. ಊರು ಬಿಟ್ಟು ಹೋಗಿಯೇ ಇಲ್ಲ ಎನ್ನುವ ಕಾರಿನ ಕಾಲುಹಾಸು ಎತ್ತಿದರೆ, ಸೀಟಿನ ಹಳಿಗಳ ಸಂದಿಯಲ್ಲಿ ಸಂಡೂರಿನ ಅದಿರಿನ ಕೆಂಪು ಧೂಳು ಕೂತಿರುತ್ತದೆ. ಟೈರಿನ ಪಕ್ಕದಲ್ಲಿ ಅದು ತಯಾರಾದ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚು ಹಾಕಿರುತ್ತಾರೆ. 3421 ಎಂದಿದ್ದರೆ 2021ರ ಮೂವತ್ತನಾಲ್ಕನೆಯ ವಾರ ಎಂದರ್ಥ. ಮೊದಲ ಜೊತೆ ಟೈರೇ ಸವೆಯದಷ್ಟು ಕಡಿಮೆ ಓಡಿದ ಗಾಡಿಗೆ ಟೈರು ಯಾಕೆ ಬದಲಾಯಿತು ಎಂದು ಕೇಳಿದರೆ, ಹಳೆಯ ಮಾಲೀಕರಿಗೆ ಹೊಸ ಟೈರೆಂದರೆ ಬಹಳ ಆಸೆ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಆ ಹಳೆಯ ಮಾಲೀಕರು ಯಾರು ಎಂಬುದಂತೂ ರಹಸ್ಯವೇ ಅಲ್ಲ. ಅವರು ಡಾಕ್ಟರು. ಮನೆಯಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿನಿಂದ ಮನೆಗೆ ಬಿಟ್ಟು ಮತ್ತೆಲ್ಲಿಗೂ ಹೋಗದ, ಮಳೆಯಲ್ಲಿ ಗಾಡಿ ತೆಗೆಯದ, ಸಿಂಗಲ್ ಓನರ್ ಡಾಕ್ಟರು. ಬಳ್ಳಾರಿಯ ವೈದ್ಯಕೀಯ ಕಾಲೇಜು 1961ರಿಂದ ಇಂದಿನವರೆಗೆ ಹೊರತಂದ ವೈದ್ಯರೆಲ್ಲರೂ ಇದೇ ಊರಿನಲ್ಲಿ ನೆಲೆಸಿ, ಎರಡೆರಡು ಕಾರು ಕೊಂಡು, ಎರಡನ್ನೂ ಮಾರಿದ್ದರೂ ಇಷ್ಟೊಂದು ಡಾಕ್ಟರ ಗಾಡಿಗಳು ಮಾರುಕಟ್ಟೆಗೆ ಬರುವುದು ಕಷ್ಟ. ಡಾಕ್ಟರು ಸಾಲದೆ ಹೋದಾಗ ಬ್ಯಾಂಕ್ ಮ್ಯಾನೇಜರರನ್ನೂ, ಅವರೂ ಮುಗಿದಾಗ ಅಮೆರಿಕದಲ್ಲಿ ಮಗನಿರುವ ವೃದ್ಧ ದಂಪತಿಯನ್ನೂ ಕರೆತರಲಾಗುತ್ತದೆ.

ಮೀಟರನ್ನು ಹಿಂದಕ್ಕೆ ಓಡಿಸುವ ಕೆಲಸಕ್ಕೆ ಮೊದಲು ಒಂದಿಷ್ಟು ಶ್ರಮವಿತ್ತು, ಆ ಮಟ್ಟಿಗೆ ಗೌರವವೂ ಇತ್ತು ಎನ್ನಬೇಕು. ಗೇರ್‌ಬಾಕ್ಸಿನಿಂದ ಬಂದ ಕೇಬಲ್ಲು ಅಂಕಿಗಳ ಚಕ್ರಗಳನ್ನು ತಿರುಗಿಸುತ್ತಿದ್ದ ಕಾಲದಲ್ಲಿ ಮೀಟರು ಬಿಚ್ಚಿ, ಗಾಜು ತೆಗೆದು, ಸೂಜಿಯ ಮೊನೆಯಿಂದ ಒಂದೊಂದೇ ಅಂಕಿಯನ್ನು ನೂಕಬೇಕಿತ್ತು. ಕೈ ನಡುಗಿದರೆ ಅಂಕಿ ಸೊಟ್ಟಗೆ ಕೂತು ಗುಟ್ಟು ರಟ್ಟಾಗುತ್ತಿತ್ತು. ಡಿಜಿಟಲ್ ಮೀಟರು ಬಂದಾಗ ಇನ್ನು ಈ ಆಟ ನಡೆಯದು ಎಂದು ಹಲವರು ನಿಟ್ಟುಸಿರು ಬಿಟ್ಟರು. ಆದದ್ದಿಷ್ಟೆ: ಅಂಕಿಯು ಚಕ್ರದಿಂದ ಎದ್ದು ಮೀಟರಿನ ಹಿಂದಿರುವ ಒಂದು ಸಣ್ಣ ಚಿಪ್ಪಿನೊಳಗೆ ಹೋಗಿ ಕೂತಿತು, ಮತ್ತು ಸೂಜಿಯ ಜಾಗಕ್ಕೆ ಲ್ಯಾಪ್‌ಟಾಪು ಬಂದಿತು. ಸ್ಟಿಯರಿಂಗಿನ ಕೆಳಗಿರುವ ಸಾಕೆಟ್ಟಿಗೆ ವೈರು ಚುಚ್ಚಿ, ತರಿಸಿದ ಚಹಾ ಮುಗಿಯುವುದರೊಳಗೆ, ಗೀರಿಲ್ಲದೆ, ಸೊಟ್ಟವಿಲ್ಲದೆ, ಒಂದೂವರೆ ಲಕ್ಷವನ್ನು 38,000 ಮಾಡಬಹುದು. ಡಿಜಿಟಲ್ ಇಂಡಿಯಾ ಹಳ್ಳಿಹಳ್ಳಿಗೆ ತಲುಪಿತೋ ಇಲ್ಲವೋ ಎಂದು ಅನುಮಾನ ಪಡುವವರು ಈ ಹುಡುಗರ ಕೈಚಳಕವನ್ನು ನೋಡಬೇಕು. ಕೆಲವು ಕಾರುಗಳಲ್ಲಿ ಇದೇ ಅಂಕಿಯ ಪ್ರತಿ ಬೇರೆ ನಿಯಂತ್ರಣ ಪೆಟ್ಟಿಗೆಗಳಲ್ಲೂ ಉಳಿದಿರುತ್ತದೆ. ಆದರೆ ಆ ಸಾಕ್ಷಿಗಳನ್ನು ಕಟಕಟೆಗೆ ಕರೆಯುವವರಿಲ್ಲ.

ರೈತರನ್ನು ಈ ಸೌಭಾಗ್ಯದಿಂದ ವಂಚಿಸಲಾಗಿದೆ ಎಂದು ಯಾರೂ ದೂರುವಂತಿಲ್ಲ. ಟ್ರ್ಯಾಕ್ಟರಿನ ವಯಸ್ಸನ್ನು ಅಳೆಯುವುದು ಗಂಟೆಗಳಲ್ಲಿ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಸೀಮೆಯ ಭತ್ತದ ಗದ್ದೆಗಳಲ್ಲಿ, ಕಾಲುವೆಗೆ ನೀರು ಬಿಟ್ಟಾಗಲೆಲ್ಲ ಹಗಲು ರಾತ್ರಿ ಎನ್ನದೆ ಕೆಸರಿನಲ್ಲಿ ಹೊರಳಾಡಿದ ಟ್ರ್ಯಾಕ್ಟರು, ಎಂಟು ವರ್ಷದ ಮೇಲೆ ಮಾರಾಟಕ್ಕೆ ನಿಂತಾಗ 900 ಗಂಟೆ ತೋರಿಸುತ್ತದೆ.

ಗುತ್ತಿಗೆಗೆ ಓಡಿದ ಜೀಪು ಮತ್ತು ಕಾರುಗಳ ಚರಿತ್ರೆ ಇದಕ್ಕಿಂತ ರೋಚಕವಾದುದು. ಕಿಲೋಮೀಟರಿಗೆ ಇಂತಿಷ್ಟು ಎಂಬ ಬಾಡಿಗೆಯ ಮೇಲೆ ದುಡಿಯುತ್ತಿದ್ದಷ್ಟು ದಿನ ಅಂಥ ಗಾಡಿ ಲಾಗ್ ಬುಕ್ಕಿನಲ್ಲಿ ದಣಿವರಿಯದೆ ಓಡುತ್ತಿರುತ್ತದೆ. ಪಕ್ಕದ ತಾಲ್ಲೂಕಿಗೆ ಹೋಗಿಬರಲು ಬೀದರನ್ನು ಬಳಸಿ ಬಂದಷ್ಟು ದೂರವಾಗುತ್ತದೆ. ಭಾನುವಾರವೂ ತಪಾಸಣೆ, ಹಬ್ಬದ ದಿನವೂ ತುರ್ತು ಸಭೆ. ಗುತ್ತಿಗೆ ಮುಗಿದು, ಹಳದಿ ಬೋರ್ಡು ಹೋಗಿ ಬಿಳಿಯ ಬೋರ್ಡು ಬಂದು, ಗಾಡಿ ಕನ್ಸಲ್ಟಿಂಗ್ ಅಂಗಡಿಯ ಮುಂದೆ ನಿಂತ ಕ್ಷಣದಿಂದ ಆ ಓಟವೆಲ್ಲ ಮಾಯ. ಬಿಲ್ಲಿಗೆ ಮುಂದಕ್ಕೂ ಮಾರಾಟಕ್ಕೆ ಹಿಂದಕ್ಕೂ ಓಡಿದ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಮೇಜು ಯಾವ ಕಚೇರಿಯಲ್ಲೂ ಇಲ್ಲ. ಪರ್ಮಿಟ್ಟಿನಲ್ಲಿ ಬರೆದ ತೂಕ ಒಂದು, ಲಾರಿಯಲ್ಲಿ ಹೋದ ಅದಿರು ಇನ್ನೊಂದು ಎಂಬುದನ್ನು ಲೋಕಾಯುಕ್ತರು 2011ರಲ್ಲಿ ವರದಿ ಮಾಡಿ, ಸುಪ್ರೀಂ ಕೋರ್ಟು ಅದೇ ವರ್ಷ ಗಣಿಗಾರಿಕೆ ನಿಲ್ಲಿಸಬೇಕಾಗಿ ಬಂದ ಜಿಲ್ಲೆಯಲ್ಲಿ, ಕಾಗದಕ್ಕೂ ಚಕ್ರಕ್ಕೂ ಇರುವ ಈ ಅಂತರವನ್ನು ಹೊಸ ಶೋಧ ಎಂದು ಕರೆದರೆ ಹಿರಿಯರಿಗೆ ಅವಮಾನ ಮಾಡಿದಂತೆ.

ಸರ್ಕಾರ ಕೈಕಟ್ಟಿ ಕೂತಿದೆ ಎಂದು ಹೇಳಲಾಗದು. ನಮ್ಮ ಆರ್‌ಸಿಯಲ್ಲಿ ಗಾಡಿಯ ಬಣ್ಣವಿದೆ, ಸೀಟುಗಳ ಸಂಖ್ಯೆಯಿದೆ, ಸಿಲಿಂಡರುಗಳ ಸಂಖ್ಯೆಯಿದೆ, ಖಾಲಿ ಗಾಡಿಯ ತೂಕವಿದೆ. ಮಾಲೀಕತ್ವ ವರ್ಗಾಯಿಸಲು ತುಂಬುವ ನಮೂನೆ 29 ಮತ್ತು 30ರಲ್ಲಿ ಚಾಸಿ ನಂಬರು, ಎಂಜಿನ್ ನಂಬರು, ಮಾರಿದವರ ತಂದೆಯ ಹೆಸರು ಎಲ್ಲವೂ ಇವೆ. ಮಾರಿದ ದಿನ ಗಾಡಿ ಎಷ್ಟು ಓಡಿತ್ತು ಎಂಬ ಒಂದು ಸಾಲು ಮಾತ್ರ ಇಲ್ಲ. ಬೆಲೆ ನಿರ್ಧರಿಸುವ ಅಂಕಿಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಬರೆಸಿಕೊಳ್ಳುವ ಈ ಎಚ್ಚರಿಕೆ ಮೆಚ್ಚತಕ್ಕದ್ದೇ. ಬೆಲ್ಜಿಯಂ ದೇಶದವರು 2006ರಿಂದ ಪ್ರತಿ ರಿಪೇರಿಯ ಸಮಯದಲ್ಲೂ ಗ್ಯಾರೇಜಿನವರಿಂದ ಕಿಲೋಮೀಟರು ಬರೆಸಿಕೊಂಡು, ಆ ಪಟ್ಟಿಯಿಲ್ಲದೆ ಹಳೆಯ ಕಾರು ಮಾರುವಂತಿಲ್ಲ ಎಂದು ಮಾಡಿಕೊಂಡಿದ್ದಾರೆ. ಅವರಿಗೆ ಬೇರೆ ಕೆಲಸವಿಲ್ಲ. ನಮ್ಮಲ್ಲಿ 2023ರ ಏಪ್ರಿಲ್ 1ರಿಂದ ಬಂದ ಕೇಂದ್ರದ ನಿಯಮದ ಪ್ರಕಾರ, ಹಳೆಯ ಗಾಡಿಗಳ ಅಧಿಕೃತ ಡೀಲರು ತನ್ನ ವಶದಲ್ಲಿರುವ ಗಾಡಿಯನ್ನು ಹೊರಗೆ ತೆಗೆದಾಗಲೆಲ್ಲ ಯಾಕೆ, ಯಾರು, ಯಾವಾಗ, ಎಷ್ಟು ದೂರ ಓಡಿಸಿದರು ಎಂಬುದನ್ನು ಎಲೆಕ್ಟ್ರಾನಿಕ್ ದಾಖಲೆಯಲ್ಲಿ ಇಡಬೇಕು. ಗ್ರಾಹಕರಿಗೆ ತೋರಿಸಲು ಅಂಗಡಿಯಿಂದ ರೈಲ್ವೆ ಗೇಟಿನವರೆಗೆ ಓಡಿಸಿದ ನಾಲ್ಕು ಕಿಲೋಮೀಟರು ಹೀಗೆ ಕಾನೂನಿನ ಕಣ್ಗಾವಲಿಗೆ ಸಿಕ್ಕಿತು. ಅದಕ್ಕೆ ಮೊದಲು ಕಾಣೆಯಾದ ಲಕ್ಷ ಕಿಲೋಮೀಟರು ಮಾತ್ರ ಎಲ್ಲೋ ಆರಾಮವಾಗಿದೆ. ಮೋಸ ಹೋದವರು ಗ್ರಾಹಕರ ಆಯೋಗಕ್ಕೆ ಹೋಗಬಹುದು, ವಂಚನೆಯ ದೂರು ಕೊಡಬಹುದು. ಆದರೆ ಮೀಟರು ತಿರುಗಿದ್ದು ಯಾರ ಕಾಲದಲ್ಲಿ ಎಂದು ಕೇಳಿದರೆ ಮೊದಲನೆಯವರು ಎರಡನೆಯವರತ್ತ, ಎರಡನೆಯವರು ಕನ್ಸಲ್ಟಿಂಗಿನವರತ್ತ, ಅವರು ನಕ್ಕು ಮೇಲಕ್ಕೆ ಕೈ ತೋರಿಸುತ್ತಾರೆ.

ಇಷ್ಟಾಗಿಯೂ ಎಲ್ಲ ಪಾಪವನ್ನೂ ಮಾರುವವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಸುಳ್ಳು ಅಂಕಿಗೆ ನಿಜವಾದ ಗಿರಾಕಿ ಕೊಳ್ಳುವವರೇ. ಮುಂದೆ ತಾವೂ ಮಾರಬೇಕಲ್ಲ! ನಮ್ಮ ಬಡಾವಣೆಯ ನಿವೃತ್ತ ಮೇಷ್ಟ್ರೊಬ್ಬರು 1,72,000 ಕಿಲೋಮೀಟರು ಓಡಿದ ತಮ್ಮ ಕಾರನ್ನು, ಇದ್ದ ಅಂಕಿಯನ್ನು ಇದ್ದಂತೆಯೇ ಬಿಟ್ಟು, ಮೊದಲ ಸರ್ವಿಸಿನಿಂದ ಕೊನೆಯದರವರೆಗಿನ ಬಿಲ್ಲುಗಳನ್ನೆಲ್ಲ ಫೈಲು ಮಾಡಿ ಮಾರಾಟಕ್ಕೆ ಇಟ್ಟರು. ಕನ್ಸಲ್ಟಿಂಗಿನವರು ಮೀಟರು ನೋಡಿ ಮರುಗಿದರು: "ಇದನ್ನ ನಂಬೋರ್ಯಾರು ಸರ್? ಮೀಟರಿನಾಗೆ ಒಂದು ಎಪ್ಪತ್ತೆರಡು ಐತಿ ಅಂದ್ರೆ ನಿಜವಾಗಿ ಮೂರೂವರೆ ಲಕ್ಷ ಓಡೈತಿ ಅಂತ ಲೆಕ್ಕ ಹಾಕ್ತಾರೆ. ಅರವತ್ತು ಅಂತ ಇಟ್ರೆ ಒಂದೂವರೆ ಅಂತ ತಿಳ್ಕಂತಾರೆ. ಸತ್ಯಕ್ಕೆ ಹತ್ರ ಅದೇ ಅಲ್ರೀ?" ಮೇಷ್ಟ್ರು ಒಪ್ಪಲಿಲ್ಲ. ಬಂದವರೆಲ್ಲ ಮೀಟರು ನೋಡಿ, ಮನಸ್ಸಿನಲ್ಲೇ ಎರಡರಿಂದ ಗುಣಿಸಿ, ನೀರು ಕುಡಿದು ಹೋದರು. ಕೊನೆಗೆ ಬಂದವರು ಮಾತ್ರ ಫೈಲನ್ನು ತೆಗೆದುಕೊಂಡು ಹಾಳೆ ಹಾಳೆಯನ್ನೂ ತಿರುವಿದರು, ಸೀಲು ಸಹಿಗಳ ಮೇಲೆ ಬೆರಳಾಡಿಸಿದರು, ಹಳೆಯ ಬಿಲ್ಲುಗಳ ಕಾಗದ ಹಳದಿಗಟ್ಟಿದ್ದನ್ನು ಬೆಳಕಿಗೆ ಹಿಡಿದು ನೋಡಿದರು. ಮೇಷ್ಟ್ರ ಮುಖ ಅರಳಿತು. ಬಂದವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿ ಕೇಳಿದರು: "ಭಾಳ ಚಲೋ ಮಾಡ್ಯಾರೆ ಮೇಷ್ಟ್ರೆ. ಯಾರ ಹತ್ರ ಮಾಡಿಸಿದ್ರಿ? ನಂದೂ ಒಂದು ಗಾಡಿ ಮಾರೋದೈತಿ."