ಮೂಲಕ್ಕೆ ದುಡ್ಡು ಬೇಡ, ಅರ್ಥಕ್ಕೆ ಕೊಡಿ

ನೇರವಾಗಿ ಹೇಳಿಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ವಿಷ್ಣು ಸಹಸ್ರನಾಮದ ಇ-ಪುಸ್ತಕಕ್ಕೆ ನೂರು ರೂಪಾಯಿ ಕೊಡೋದು ದಂಡ. ಬಸವಣ್ಣನ ವಚನಕ್ಕೂ ಅಷ್ಟೆ, ಪುರಂದರದಾಸರ ಪದಕ್ಕೂ ಅಷ್ಟೆ. ಆ ದುಡ್ಡು ಬರೆದವರಿಗಂತೂ ಹೋಗಲ್ಲ. ಯಾವುದೋ ಜಾಲತಾಣದಿಂದ ಪಠ್ಯ ಎತ್ತಿ, ಮೇಲೊಂದು ಬಂಗಾರದ ಬಣ್ಣದ ಮುಖಪುಟ ಅಂಟಿಸಿ ಮಾರೋನಿಗೆ ಹೋಗುತ್ತೆ.

ನಮ್ಮ ಮೈಸೂರಿನ ಕುವೆಂಪುನಗರದಲ್ಲಿ ಸಂಜೆ ಪಾರಾಯಣಕ್ಕೆ ಸೇರೋರಲ್ಲಿ ಈಗ ಅರ್ಧಕ್ಕರ್ಧ ಜನರ ಕೈಯಲ್ಲಿ ಟ್ಯಾಬು. ಅಕ್ಷರ ದೊಡ್ಡದು ಮಾಡ್ಕೋಬಹುದು, ಕನ್ನಡಕ ಹುಡುಕೋ ಗೋಳಿಲ್ಲ. ಬಹಳ ಒಳ್ಳೇದೇ. ಆದ್ರೆ ಸ್ತೋತ್ರ ಒಂದಕ್ಕೆ ಒಂದು ಇ-ಪುಸ್ತಕ ಅಂತ ತಗೊಂಡು ತುಂಬಿಸಿಟ್ಟಿದ್ದಾರೆ. ಕೇಳಿದ್ರೆ, "ಏನ್ ಸಾರ್, ಎರಡು ಕಾಫಿ ದುಡ್ಡು ಅಷ್ಟೇ ಅಲ್ವಾ" ಅಂತಾರೆ. ಕಾಫಿ ಆದ್ರೂ ಕುಡಿದು ಮುಗಿಸ್ತೀವಿ. ಇವು ಹಾಗೇ ಬಿದ್ದಿರ್ತವೆ.

ಸುಮ್ಮನೆ ಸಿಗೋದು ಎಷ್ಟಿದೆ ಅನ್ನೋ ಅಂದಾಜು ನಮ್ಮಲ್ಲಿ ಬಹಳ ಜನಕ್ಕಿಲ್ಲ. 'ವಚನ ಸಂಚಯ' ಅನ್ನೋ ಜಾಲತಾಣದಲ್ಲಿ 20 ಸಾವಿರಕ್ಕೂ ಮಿಕ್ಕಿ ವಚನ ಇದೆ. ಅಂಕಿತ ಹಾಕಿ ಹುಡುಕಬಹುದು, ಒಂದು ಪದ ಯಾವ್ಯಾವ ಶರಣರಲ್ಲಿ ಬರುತ್ತೆ ಅಂತ ನೋಡಬಹುದು. ಇದನ್ನ ದುಡ್ಡು ಕೊಟ್ಟ ಯಾವ ಇ-ಪುಸ್ತಕವೂ ಮಾಡಿಕೊಡಲ್ಲ. ಅದೇ ಬಳಗದ್ದು ದಾಸ ಸಾಹಿತ್ಯಕ್ಕೂ ಒಂದಿದೆ. ಕುಮಾರವ್ಯಾಸ ಬೇಕಾದ್ರೆ ಕನ್ನಡ ವಿಕಿಸೋರ್ಸ್ ತೆರೆಯಿರಿ. ಸಂಸ್ಕೃತ ಸ್ತೋತ್ರಗಳು ಕನ್ನಡ ಲಿಪಿಯಲ್ಲೇ ಬೇಕು ಅಂದ್ರೆ ಸ್ತೋತ್ರನಿಧಿ, ವೈದಿಕ ವಿಜ್ಞಾನಂ ಥರದ ತಾಣಗಳಿವೆ. ನಮ್ಮ ಮಾನಸಗಂಗೋತ್ರಿ ಪಕ್ಕದ ಭಾರತೀಯ ಭಾಷಾ ಸಂಸ್ಥಾನದವರು ನಡೆಸೋ 'ಭಾರತವಾಣಿ' ಇದೆ, ಸರ್ಕಾರದ 'ಕಣಜ' ಇದೆ, ಎರಡೂ ಜಾಲತಾಣಗಳೇ. ಇನ್ನು ಜಯಚಾಮರಾಜ ಒಡೆಯರ್ ಕಾಲದಲ್ಲಿ ಕನ್ನಡ ಅರ್ಥ ಸಮೇತ ಅಚ್ಚಾದ ಋಗ್ವೇದದ ಸಂಪುಟಗಳು! ಇಂಟರ್ನೆಟ್ ಆರ್ಕೈವ್‌ನಲ್ಲಿ ಅವುಗಳ ಸ್ಕ್ಯಾನ್ ಪ್ರತಿ ಸಿಗುತ್ತೆ. ಮೈಸೂರಿನಲ್ಲೇ ಹುಟ್ಟಿ ಬೆಳೆದವರು ಇದನ್ನ ಒಂದು ಸಲವೂ ತೆರೆದು ನೋಡಿಲ್ಲ ಅಂದ್ರೆ ನನಗೆ ನಿಜವಾಗಿ ಸಂಕಟ ಆಗುತ್ತೆ. ಬೈಬಲ್ ಓದೋ ಗೆಳೆಯರಿಗೆ ಈ ಚಿಂತೆ ಎಂದೋ ತೀರಿದೆ, ಯೂವರ್ಷನ್ ಆ್ಯಪ್‌ನಲ್ಲಿ ಕನ್ನಡ ಬೈಬಲ್ ಪೂರ್ತಿ ಉಚಿತ.

ಇಂಗ್ಲಿಷಿನಲ್ಲಿ ಓದೋ ಮಕ್ಕಳಿಗೆ ಗೀತೆ ಕೊಡಿಸೋರು ಇನ್ನೂ ಹುಷಾರಾಗಿರಬೇಕು. ಅಗ್ಗದ ಇ-ಗೀತೆಗಳಲ್ಲಿ ಎಷ್ಟೋ, ಎಡ್ವಿನ್ ಆರ್ನಲ್ಡ್ 1885ರಲ್ಲಿ ಮಾಡಿದ ಪದ್ಯಾನುವಾದವನ್ನೇ ಮತ್ತೆ ಮತ್ತೆ ಹೊಸ ಹೆಸರಲ್ಲಿ ಮಾರೋದು. ಹಕ್ಕು ಮುಗಿದ ಪುಸ್ತಕಗಳನ್ನ ಉಚಿತವಾಗಿ ಕೊಡೋ ತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಅದು ಬಿಟ್ಟಿ.

ಹಾಗಂತ ಎಲ್ಲವೂ ಬಿಟ್ಟಿ ಬೇಕು ಅನ್ನೋ ಪೈಕಿ ನಾನಲ್ಲ. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡು 60 ವರ್ಷ ಆಗೋವರೆಗೆ ಹಕ್ಕು ಅವರ ಕಡೆಯವರದ್ದು. ಡಿವಿಜಿ ತೀರಿಕೊಂಡಿದ್ದು 1975ರಲ್ಲಿ. ಅಂದ್ರೆ ಗೀತೆಯ ಮೇಲೆ ಅವರು ಬರೆದ 'ಜೀವನಧರ್ಮಯೋಗ'ಕ್ಕೆ 2035 ಮುಗಿಯೋತನಕ ಹಕ್ಕು ಇದೆ. ಗೀತೆಯ ಶ್ಲೋಕ ಯಾರಪ್ಪನ ಸ್ವತ್ತೂ ಅಲ್ಲ, ಆದ್ರೆ ಅದಕ್ಕೊಬ್ಬರು ತಲೆ ಕೆಡಿಸಿಕೊಂಡು ಬರೆದ ಅರ್ಥ ಅವರದ್ದು. ವಾಟ್ಸಾಪಲ್ಲಿ "ಪುಣ್ಯ ಬರುತ್ತೆ, ಹತ್ತು ಜನಕ್ಕೆ ಕಳಿಸಿ" ಅಂತ ಓಡಾಡೋ ಪಿಡಿಎಫ್‌ಗಳಲ್ಲಿ ಇಂಥವೇ ಜಾಸ್ತಿ. ಯುಗಾದಿ ಬಂತು ಅಂದ್ರೆ ಸಾಕು, ಪಂಚಾಂಗದ ಪುಟಪುಟವನ್ನೂ ಫೋಟೋ ಹೊಡೆದು ಗುಂಪಿಗೆ ಹಾಕ್ತಾರೆ. ಒಂಟಿಕೊಪ್ಪಲ್ ಪಂಚಾಂಗ ನಮ್ಮೂರಿನದ್ದೇ ಸ್ವಾಮಿ, ಅದನ್ನೂ ಕದ್ದು ಓದಿ ರಾಹುಕಾಲ ನೋಡ್ತೀರಾ?

ದುಡ್ಡು ಕೊಡೋದೇ ಆದ್ರೆ ಮೊದಲು ಮಾದರಿ ಪುಟ ಇಳಿಸಿಕೊಳ್ಳಿ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಬಹುಪಾಲು ಪುಸ್ತಕಕ್ಕೆ ಈ ಸೌಲಭ್ಯ ಇದೆ. ಅದರಲ್ಲಿ ನಾನು ನೋಡೋದು ಮುನ್ನುಡಿ ಅಲ್ಲ, ಅರ್ಕಾವತ್ತು, ಅಂದ್ರೆ "ಧರ್ಮ"ದಲ್ಲಿ ಅಕ್ಷರದ ಪಕ್ಕ ಬರೋ "ರ್" ಗುರುತು. ಕನ್ನಡ ಟೈಪ್ ಮಾಡೋ ಹಳೇ ತಂತ್ರಾಂಶಗಳಾದ 'ನುಡಿ', 'ಬರಹ'ದ ಕಡತವನ್ನ ಅವಸರದಲ್ಲಿ ಯೂನಿಕೋಡಿಗೆ ತಿರುಗಿಸಿ ಯಾರೂ ಕರಡು ತಿದ್ದದೆ ಬಿಟ್ಟಿದ್ರೆ "ಧರ್ಮ" ಹೋಗಿ "ಧಮರ್" ಆಗಿರುತ್ತೆ, "ಕರ್ಮ" "ಕಮರ್" ಆಗಿರುತ್ತೆ. ಗೀತೆಯ ಮೊದಲ ಶ್ಲೋಕದ ಮೊದಲ ಪದದಲ್ಲೇ ಇದು ಸಿಕ್ಕಿಬೀಳುತ್ತೆ. ಒತ್ತಕ್ಷರ ಪಕ್ಕಕ್ಕೆ ಜರುಗಿ ನಿಂತಿದ್ರೂ ಅದೇ ಕಥೆ. ಇಂಥದ್ದನ್ನ ಇಟ್ಕೊಂಡು ಗಟ್ಟಿಯಾಗಿ ಪಾರಾಯಣ ಮಾಡಿದ್ರೆ ಪಕ್ಕದ ಮನೆಯೋರು ಏನಂದ್ಕೋಬೇಕು? ಇನ್ನು ಸ್ಕ್ಯಾನ್ ಮಾಡಿದ ಪುಟಗಳನ್ನೇ ಇ-ಪುಸ್ತಕ ಅಂತ ಮಾರೋರೂ ಇದ್ದಾರೆ. ಅದರಲ್ಲಿ ಅಕ್ಷರ ದೊಡ್ಡದಾಗಲ್ಲ, ಪುಟ ದೊಡ್ಡದಾಗುತ್ತೆ. ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೀತಾ ಕೂರಬೇಕು. ಮೊಬೈಲಲ್ಲಿ ಮಾದರಿ ತೆರೆದು ಅಕ್ಷರದ ಗಾತ್ರ ಹೆಚ್ಚಿಸಿ ನೋಡಿ, ಸಾಲು ತಾನಾಗಿ ಮುರಿದು ಕೆಳಗೆ ಬಂದ್ರೆ ಮಾತ್ರ ತಗೊಳ್ಳಿ.

ಆಮೇಲೆ ಅಚ್ಚಾದ ಪ್ರತಿಯ ಬೆಲೆ. ಇದನ್ನ ಯಾರೂ ನೋಡೋದೇ ಇಲ್ಲ, ಇ-ಪುಸ್ತಕ ಅಂದಮೇಲೆ ಅಗ್ಗವೇ ಇರುತ್ತೆ ಅಂದ್ಕೊಂಡಿರ್ತಾರೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಇದೆ. ಅಚ್ಚಿನ ರೂಪ ಇದ್ರೆ ಶೇಕಡ 5, ಇದನ್ನ 2018ರಲ್ಲಿ 18ರಿಂದ ಇಳಿಸಿದ್ದು. ಗೋರಖಪುರದ ಗೀತಾ ಪ್ರೆಸ್‌ನ ಕನ್ನಡ ಗೀತೆಯನ್ನ ಕೈಗೆತ್ತಿಕೊಂಡು ಹಿಂಬದಿಯಲ್ಲಿರೋ ಬೆಲೆ ನೋಡಿ, ಎಷ್ಟೋ ಇ-ಗೀತೆಗಿಂತ ಕಡಿಮೆ. ಯಾದವಗಿರಿಯ ರಾಮಕೃಷ್ಣಾಶ್ರಮದ ಪುಸ್ತಕ ಮಳಿಗೆಗೆ ಹೋದವರಿಗೂ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅಚ್ಚಿನ ಪುಸ್ತಕವನ್ನ ಓದಿ ಮುಗಿಸಿ ತಂಗಿಗೆ ಕೊಡಬಹುದು, ಇ-ಪುಸ್ತಕವನ್ನ ಹಾಗೆ ದಾಟಿಸೋಕಾಗಲ್ಲ. ನಾವು ಕೊಳ್ಳೋದು ಓದೋ ಪರವಾನಗಿ ಅಷ್ಟೆ. 2009ರಲ್ಲಿ ಅಮೆಜಾನ್ ತಾನು ಮಾರಿದ ಪುಸ್ತಕವನ್ನೇ ಓದುಗರ ಕೈಲಿದ್ದ, ಇ-ಪುಸ್ತಕ ಓದೋ ಸಾಧನವಾದ ಕಿಂಡಲ್‌ನಿಂದ ಅಳಿಸಿ ಹಾಕಿತ್ತು. ಅಂದ ಹಾಗೆ 2016ರಲ್ಲಿ ಕಿಂಡಲ್‌ಗೆ ಐದು ಭಾರತೀಯ ಭಾಷೆ ತಂದಾಗ ಅದರಲ್ಲಿ ಕನ್ನಡ ಇರಲಿಲ್ಲ. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಅದಕ್ಕೇ ಕನ್ನಡದ್ದೇ ಆದ ಮೈಲ್ಯಾಂಗ್, ಋತುಮಾನ ಥರದ ಆ್ಯಪ್‌ಗಳಲ್ಲಿ ಒಳ್ಳೇದೇನಾದ್ರೂ ಬಂದ್ರೆ ರಿಯಾಯಿತಿಗೆ ಕಾಯದೆ ತಗೋತೀನಿ.

ಸ್ತೋತ್ರಕ್ಕೆ, ವಚನಕ್ಕೆ ಉಳಿದ ದುಡ್ಡನ್ನ ನಾನು ವ್ಯಾಖ್ಯಾನಕ್ಕೆ ಹಾಕೋದು. ಈಗ ಬೇಕಾಗಿರೋದು ಲಕ್ಷ್ಮೀಶನ ಜೈಮಿನಿ ಭಾರತ. ಪದ್ಯ ಬರೀ ಪದ್ಯವಾಗಿ ನನ್ನ ಹತ್ರ ಇದೆ. ಪದವಿಂಗಡಣೆ, ತಾತ್ಪರ್ಯ ಎರಡೂ ಇದ್ದು, ಅರ್ಕಾವತ್ತು ನೆಟ್ಟಗಿರೋ ಇ-ಪುಸ್ತಕ ಯಾರಾದ್ರೂ ನೋಡಿದ್ರೆ ಹೇಳಿ. ಪಿಡಿಎಫ್ ಕಳಿಸೋದು ಬೇಡ, ಎಲ್ಲಿ ಮಾರ್ತಾರೆ ಅಂತ ತಿಳಿಸಿ.